ಗಲಭೆಯಿಲ್ಲದ ವರ್ಷವನ್ನು ಶಾಂತಿಯ ವರ್ಷವೆಂದು ಎಣಿಸಬಹುದೇ? ಕರಾವಳಿಯ ಶಾಂತಿಯನ್ನು ಅಳೆಯುವ ವಿಧಾನದ ಬಗ್ಗೆ ಸಲಹೆ ಬೇಕು

ಕುಡ್ಲದ ವಿದ್ಯಾರ್ಥಿನಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಶಾಂತಿಯ ಸ್ಥಿತಿಯನ್ನು ಅಳೆಯುವುದು ಹೇಗೆ ಎಂಬುದು ನನ್ನ ಕಿರುಪ್ರಬಂಧದ ವಿಷಯ. ಮಾರ್ಗದರ್ಶಕರು ತೋರಿಸಿದ ದಾರಿ ಸರಳವಾದದ್ದು. ಪೊಲೀಸ್ ದಾಖಲೆಗಳಿಂದಲೂ ಪತ್ರಿಕೆಗಳ ಹಳೆಯ ಸಂಚಿಕೆಗಳಿಂದಲೂ ಕೋಮು ಘಟನೆಗಳನ್ನು ವರ್ಷವಾರು ಎಣಿಸಬೇಕು, ಎಣಿಕೆ ಇಳಿದ ವರ್ಷಗಳಲ್ಲಿ ಶಾಂತಿ ಹೆಚ್ಚಿತ್ತು ಎಂದು ಬರೆಯಬೇಕು.

ಅದರಂತೆ ಒಂದು ನಕ್ಷೆ ಹಾಕಿದೆ. 1998ರ ಕೊನೆಯಲ್ಲಿ ನಡೆದ ಸುರತ್ಕಲ್ ಗಲಭೆ, 2006ರ ಅಕ್ಟೋಬರ್‌ನಲ್ಲಿ ಮಂಗಳೂರಿನಲ್ಲಿ ನಡೆದ ಗಲಭೆ, 2008ರ ಸೆಪ್ಟೆಂಬರ್‌ನ ಚರ್ಚ್ ದಾಳಿಗಳು, 2019ರ ಡಿಸೆಂಬರ್ 19ರ ಗೋಲಿಬಾರ್, 2022ರ ಜುಲೈ ತಿಂಗಳ ಸರಣಿ ಕೊಲೆಗಳು, 2025ರ ಏಪ್ರಿಲ್ ಮತ್ತು ಮೇ ತಿಂಗಳ ಕೊಲೆಗಳು, ಇವೆಲ್ಲ ಎತ್ತರದ ಗೆರೆಗಳಾಗಿ ನಿಂತವು. ನಡುವಿನ ವರ್ಷಗಳು ತಗ್ಗಿನಲ್ಲಿ ಉಳಿದವು. ಇಲ್ಲೇ ಹುಟ್ಟಿ ಬೆಳೆದ ನನಗೆ ಆ ತಗ್ಗಿನ ವರ್ಷಗಳೆಲ್ಲ ಒಂದೇ ಬಗೆಯವು ಎಂದು ಒಪ್ಪಿಕೊಳ್ಳಲು ಆಗುತ್ತಿಲ್ಲ. ಕೆಲವು ವರ್ಷ ಸಿಟಿ ಬಸ್ಸಿನಲ್ಲಿ ಯಾರ ಪಕ್ಕ ಯಾರು ಕುಳಿತಿದ್ದಾರೆ ಎಂಬುದು ಯಾರ ಗಮನಕ್ಕೂ ಬರುತ್ತಿರಲಿಲ್ಲ. ಇನ್ನು ಕೆಲವು ವರ್ಷ ಬೇರೆ ಧರ್ಮದ ಸಹಪಾಠಿಯೊಡನೆ ಐಸ್‌ಕ್ರೀಮ್ ತಿನ್ನಲು ಹೋಗುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದೆವು, ಯಾರಾದರೂ ಫೋಟೊ ತೆಗೆದು ಹರಿಯಬಿಟ್ಟಾರು ಎಂಬ ಅಂಜಿಕೆಯಿತ್ತು. ಪೊಲೀಸ್ ಪಟ್ಟಿಯಲ್ಲಿ ಎರಡೂ ಬಗೆಯ ವರ್ಷಗಳ ಎದುರು ಹೆಚ್ಚುಕಡಿಮೆ ಒಂದೇ ಅಂಕಿ ಇದೆ.

ಸಿಡ್ನಿಯ ಅರ್ಥಶಾಸ್ತ್ರ ಮತ್ತು ಶಾಂತಿ ಸಂಸ್ಥೆಯು 2007ರಿಂದ ಪ್ರಕಟಿಸುತ್ತಿರುವ ಜಾಗತಿಕ ಶಾಂತಿ ಸೂಚ್ಯಂಕವನ್ನೂ ನೋಡಿದೆ. ಅದು 163 ದೇಶಗಳನ್ನು 23 ಸೂಚಕಗಳಿಂದ ಅಳೆಯುತ್ತದೆ. ಸೇನಾ ವೆಚ್ಚ, ಭಾರೀ ಶಸ್ತ್ರಾಸ್ತ್ರಗಳು, ನೆರೆದೇಶಗಳೊಡನೆ ಸಂಬಂಧ ಮುಂತಾದವನ್ನೆಲ್ಲ ಸೇರಿಸಿ ಇಡೀ ಭಾರತಕ್ಕೆ ಒಂದೇ ಅಂಕ ಕೊಡುವುದರಿಂದ, ಉಳ್ಳಾಲಕ್ಕೂ ಕುಂದಾಪುರಕ್ಕೂ ಇರುವ ವ್ಯತ್ಯಾಸವನ್ನು ತಿಳಿಯಲು ಅದು ನೆರವಾಗುವುದಿಲ್ಲ. ಆದರೆ ಅದೇ ಸಂಸ್ಥೆ ಶಾಂತಿಯನ್ನು ಉಳಿಸುವ ಎಂಟು ಆಧಾರಸ್ತಂಭಗಳ ಬಗ್ಗೆ ಬರೆಯುವಾಗ, ಇವನ್ನು ಒಂದೊಂದಾಗಿ ನೋಡದೆ ಒಂದು ವ್ಯವಸ್ಥೆಯಾಗಿ ನೋಡಬೇಕು ಎಂದು ಮತ್ತೆ ಮತ್ತೆ ಹೇಳುತ್ತದೆ. ಹಾಗೆ ನೋಡುವುದು ಎಂದರೆ ಕೆಲಸದ ಮಟ್ಟದಲ್ಲಿ ಏನು? ಒಂದು ಜಿಲ್ಲೆಗೆ, ಒಬ್ಬ ವಿದ್ಯಾರ್ಥಿನಿಯ ಕೈಯಲ್ಲಿ ಆಗುವಷ್ಟು ಮಟ್ಟಿಗೆ, ಅಂತಹ ಅಳತೆ ಸಾಧ್ಯವೇ? ತಿಳಿದವರು ದಯವಿಟ್ಟು ವಿವರಿಸಿ.

ಸುರತ್ಕಲ್ ಗಣಕ

ನಾನು ವೃತ್ತಿಯಿಂದ ಎಂಜಿನಿಯರ್. ವ್ಯವಸ್ಥೆಗಳ ಗಣಿತ ಮಾದರಿಗಳನ್ನು ಕಟ್ಟುವುದು ನನ್ನ ಕೆಲಸ, ಶಾಂತಿ ಅಧ್ಯಯನ ಹವ್ಯಾಸ. ನಿಮ್ಮ ಪ್ರಶ್ನೆಯ ಎರಡನೆಯ ಭಾಗದಲ್ಲೇ ಪ್ರಬಂಧದ ತಿರುಳು ಇದೆ ಎಂದು ನನಗನಿಸುತ್ತದೆ. ಘಟನೆಗಳ ಸಂಖ್ಯೆ ಇಳಿಯಲು ಒಂದಕ್ಕೊಂದು ವಿರುದ್ಧವಾದ ಎರಡು ಕಾರಣಗಳಿರಬಹುದು. ಬೆರೆತು ಬದುಕುವವರ ನಡುವೆ ಮನಸ್ತಾಪ ಹುಟ್ಟಿದರೂ ಅಲ್ಲಲ್ಲೇ ಬಗೆಹರಿಯುತ್ತದೆ. ಬೆರೆಯುವುದನ್ನೇ ಬಿಟ್ಟವರ ನಡುವೆ ಮನಸ್ತಾಪ ಹುಟ್ಟುವ ಸಂದರ್ಭವೇ ಬರುವುದಿಲ್ಲ. ಮಾಮೂಲಿ ದಿನಗಳಲ್ಲಿ ಈ ಎರಡು ಊರುಗಳ ಅಂಕಿಗಳು ಒಂದೇ ರೀತಿ ಕಾಣುತ್ತವೆ. ಹೊರಗಿನಿಂದ ಒಂದು ಆಘಾತ ಬಂದು ಬಿದ್ದಾಗ, ಅಂದರೆ ಒಂದು ಕೊಲೆಯೋ ಒಂದು ವಿಡಿಯೊವೋ ಬಂದಾಗ, ಅವು ನಡೆದುಕೊಳ್ಳುವ ರೀತಿ ಬೇರೆಯಾಗುತ್ತದೆ. ವ್ಯವಸ್ಥಾ ಚಿಂತನೆಯು, ಅಂದರೆ ಭಾಗಗಳನ್ನು ಒಂದೊಂದಾಗಿ ನೋಡದೆ ಅವು ಒಂದನ್ನೊಂದು ಹೇಗೆ ಬಾಧಿಸುತ್ತವೆ ಎಂದು ನೋಡುವ ವಿಧಾನವು, ಅಳೆಯಲು ಬಯಸುವುದು ಈ ನಡವಳಿಕೆಯನ್ನು.

ನಾರ್ವೆಯ ಯೊಹಾನ್ ಗಾಲ್ಟುಂಗ್ 1959ರಲ್ಲಿ ಓಸ್ಲೊದಲ್ಲಿ ಶಾಂತಿ ಸಂಶೋಧನಾ ಸಂಸ್ಥೆಯನ್ನು ಕಟ್ಟಿದವರು. ನೇರ ಹಿಂಸೆ ಇಲ್ಲದಿರುವ ಸ್ಥಿತಿಯನ್ನು ಅವರು ನಕಾರಾತ್ಮಕ ಶಾಂತಿ ಎಂದು ಕರೆದು, ಸಹಕಾರವೂ ನ್ಯಾಯವೂ ನೆಲೆಸಿರುವ ಸಕಾರಾತ್ಮಕ ಶಾಂತಿಯಿಂದ ಅದನ್ನು ಬೇರ್ಪಡಿಸಿದರು. 1969ರಲ್ಲಿ ರಚನಾತ್ಮಕ ಹಿಂಸೆ ಎಂಬ ಪರಿಕಲ್ಪನೆಯನ್ನೂ ಕೊಟ್ಟರು. ಯಾರೂ ಯಾರನ್ನೂ ಹೊಡೆಯದಿದ್ದರೂ ಸಮಾಜದ ಕಟ್ಟೋಣವೇ ಕೆಲವರ ಬದುಕನ್ನು ಕುಗ್ಗಿಸುತ್ತಿದ್ದರೆ ಅದೂ ಹಿಂಸೆಯೇ ಎಂಬುದು ಅದರ ಸಾರ. ನಿಮ್ಮ ನಕ್ಷೆ ಅಳೆಯುತ್ತಿರುವುದು ನಕಾರಾತ್ಮಕ ಶಾಂತಿಯನ್ನು ಮಾತ್ರ.

ವ್ಯವಸ್ಥೆಯ ದೃಷ್ಟಿ ಬಂದದ್ದು ಬೇರೆ ದಿಕ್ಕಿನಿಂದ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೇ ಫಾರೆಸ್ಟರ್ 1950ರ ದಶಕದಲ್ಲಿ ಕಾರ್ಖಾನೆಗಳ ಏರಿಳಿತವನ್ನು ಅಧ್ಯಯನ ಮಾಡುತ್ತ, ತೊಂದರೆಯ ಮೂಲ ಬಹುಮಟ್ಟಿಗೆ ಹೊರಗಿನ ಮಾರುಕಟ್ಟೆಯಲ್ಲಿಲ್ಲ, ಒಳಗಿನ ನಿರ್ಧಾರಗಳು ಒಂದನ್ನೊಂದು ಬಾಧಿಸುವ ಸುತ್ತುಗಳಲ್ಲಿ ಮತ್ತು ಆ ಸುತ್ತುಗಳೊಳಗಿನ ವಿಳಂಬದಲ್ಲಿದೆ ಎಂದು ತೋರಿಸಿದರು. ಯುದ್ಧದ ವಿಷಯದಲ್ಲಿ ಇದಕ್ಕೂ ಮೊದಲೇ ಯೋಚಿಸಿದವರು ಬ್ರಿಟಿಷ್ ಹವಾಮಾನ ವಿಜ್ಞಾನಿ ಲೂಯಿಸ್ ಫ್ರೈ ರಿಚರ್ಡ್‌ಸನ್. ಯುದ್ಧವನ್ನು ವಿರೋಧಿಸುವ ಕ್ವೇಕರ್ ಎಂಬ ಕ್ರೈಸ್ತ ಪಂಥದವರಾದ ಅವರು ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಆಂಬುಲೆನ್ಸ್ ದಳದಲ್ಲಿ ದುಡಿದರು, ಆಮೇಲೆ ಶಸ್ತ್ರಾಸ್ತ್ರ ಪೈಪೋಟಿಯನ್ನು ಸಮೀಕರಣವಾಗಿ ಬರೆದರು. ಎದುರಾಳಿಯ ಶಸ್ತ್ರ ಹೆಚ್ಚಿದಷ್ಟೂ ನಮ್ಮ ಭಯ ಹೆಚ್ಚುತ್ತದೆ, ನಮ್ಮ ಹೊರೆ ಹೆಚ್ಚಿದಷ್ಟೂ ನಮಗೆ ಆಯಾಸ ಹೆಚ್ಚುತ್ತದೆ, ಇವೆರಡರ ಜೊತೆಗೆ ಹಳೆಯ ಅಸಮಾಧಾನ ಕುಳಿತಿರುತ್ತದೆ. ಎರಡೂ ಕಡೆಯ ಭಯದ ತೀವ್ರತೆಗಳ ಗುಣಲಬ್ಧವು ಆಯಾಸದ ತೀವ್ರತೆಗಳ ಗುಣಲಬ್ಧಕ್ಕಿಂತ ಹೆಚ್ಚಾದರೆ ಪೈಪೋಟಿ ಮಿತಿಮೀರುತ್ತದೆ, ಕಡಿಮೆಯಾದರೆ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಈ ಲೆಕ್ಕದಲ್ಲಿ ನನಗೆ ಮುಖ್ಯವಾಗಿ ಕಾಣುವುದೇನೆಂದರೆ, ಇಬ್ಬರಲ್ಲಿ ಯಾರೂ ಯುದ್ಧ ಬಯಸದಿದ್ದರೂ ಪೈಪೋಟಿ ಬೆಳೆಯಬಹುದು.

ಇದನ್ನೇ ಮಂಗಳೂರಿಗೆ ತಂದು ನೋಡೋಣ. ಒಂದು ವದಂತಿ ಹರಡುತ್ತದೆ. ವ್ಯಾಪಾರಿಗಳು ಅಂಗಡಿಗಳ ಶಟರ್ ಬೇಗ ಎಳೆಯುತ್ತಾರೆ, ಬಸ್ಸಿನವರು ಟ್ರಿಪ್ ಕಟ್ ಮಾಡುತ್ತಾರೆ, ರಸ್ತೆ ಬರಿದಾಗುತ್ತದೆ. ಬರಿದಾದ ರಸ್ತೆಯನ್ನು ಕಂಡವರಿಗೆ ವದಂತಿ ನಿಜವೆಂದೇ ತೋರುತ್ತದೆ, ಅವರು ಅದನ್ನು ಇನ್ನಷ್ಟು ಜನರಿಗೆ ಕಳುಹಿಸುತ್ತಾರೆ. ಇದು ತನ್ನನ್ನು ತಾನೇ ಬಲಪಡಿಸಿಕೊಳ್ಳುವ ಸುತ್ತು. ಇದಕ್ಕೆದುರಾಗಿ ತಣಿಸುವ ಸುತ್ತೂ ಇದೆ: ಪರಿಚಯವಿರುವ ಇಬ್ಬರು ಹಿರಿಯರ ನಡುವಿನ ಒಂದು ಫೋನ್ ಕರೆ, ಠಾಣಾಧಿಕಾರಿಯ ಸ್ಪಷ್ಟನೆ, ಶಾಂತಿ ಸಭೆ. ವದಂತಿ ನಿಮಿಷಗಳಲ್ಲಿ ಹರಡುತ್ತದೆ, ಶಾಂತಿ ಸಭೆ ಸೇರುವುದು ಮರುದಿನ ಅಥವಾ ಅದರ ಮರುದಿನ. ಫಾರೆಸ್ಟರ್ ಹೇಳಿದ ವಿಳಂಬ ಇದುವೇ. ತಣಿಸುವ ಸುತ್ತು ಎಷ್ಟೇ ಬಲವಾಗಿದ್ದರೂ ತಡವಾಗಿ ಬಂದರೆ ಕೆಲಸಕ್ಕೆ ಬಾರದು. 2019ರ ಡಿಸೆಂಬರ್‌ನಲ್ಲಿ ಜಿಲ್ಲೆಯಲ್ಲಿ 48 ಗಂಟೆ ಮೊಬೈಲ್ ಇಂಟರ್ನೆಟ್ ನಿಲ್ಲಿಸಿದಾಗ ವದಂತಿಯ ದಾರಿ ಮುಚ್ಚಿತು, ಸ್ಪಷ್ಟನೆಯ ದಾರಿಯೂ ಜೊತೆಗೇ ಮುಚ್ಚಿತು. ಅಂತಹ ಕ್ರಮದಿಂದ ಒಟ್ಟಾರೆ ಲಾಭವಾಯಿತೇ ನಷ್ಟವಾಯಿತೇ ಎಂದು ತಿಳಿಯಬೇಕಾದರೆ ಎರಡೂ ಸುತ್ತುಗಳನ್ನು ಒಟ್ಟಿಗೆ ನೋಡಬೇಕಾಗುತ್ತದೆ.

ಇನ್ನೊಂದು ಮುಖ್ಯ ವಿಚಾರ ಸಂಚಯದ್ದು, ಅಂದರೆ ಕಾಲಕ್ರಮದಲ್ಲಿ ಕೂಡುತ್ತ ಅಥವಾ ಕರಗುತ್ತ ಹೋಗುವುದರದ್ದು. ಘಟನೆಗಳು ಮಳೆಯಿದ್ದಂತೆ, ನಂಬಿಕೆ ಬಾವಿಯ ನೀರಿನ ಮಟ್ಟವಿದ್ದಂತೆ. ನಮ್ಮಲ್ಲಿ ಜೂನ್, ಜುಲೈಯಲ್ಲಿ ಅಷ್ಟೊಂದು ಮಳೆ ಸುರಿದರೂ ಏಪ್ರಿಲ್‌ನಲ್ಲಿ ಬಾವಿ ಬತ್ತುತ್ತದೆ. ಮಳೆಮಾಪಕವನ್ನಷ್ಟೇ ನೋಡುತ್ತ ಕುಳಿತವನಿಗೆ ಇದಕ್ಕೆ ಕಾರಣ ತಿಳಿಯುವುದಿಲ್ಲ. ನೀವು ಈಗ ಮಳೆಮಾಪಕ ಹಿಡಿದಿದ್ದೀರಿ.

ಹಾಗಾದರೆ ಏನನ್ನು ಅಳೆಯಬೇಕು? ನನ್ನ ಸಲಹೆಯಲ್ಲಿ ಮೊದಲನೆಯದು ಚೇತರಿಕೆಯ ಕಾಲ. ಒಂದು ಆಘಾತದ ನಂತರ ಆ ಪ್ರದೇಶದ ಬಸ್ಸು, ಮಾರುಕಟ್ಟೆ, ಶಾಲೆಯ ಹಾಜರಾತಿ ಮಾಮೂಲಿನ ಮಟ್ಟಕ್ಕೆ ಮರಳಲು ಎಷ್ಟು ದಿನ ಹಿಡಿಯಿತು ಎಂಬುದನ್ನು ಪ್ರತಿಯೊಂದು ಘಟನೆಗೂ ಗುರುತಿಸಬಹುದು. ಘಟನೆಗಳ ಸಂಖ್ಯೆ ಇಳಿಯುತ್ತಿದ್ದರೂ ಚೇತರಿಕೆಯ ಕಾಲ ಉದ್ದವಾಗುತ್ತ ಹೋಗುತ್ತಿದ್ದರೆ ಬಾವಿ ಬತ್ತುತ್ತಿದೆ ಎಂದರ್ಥ. ಎರಡನೆಯದು, ಸಮುದಾಯಗಳನ್ನು ಬೆಸೆಯುವ ಸಂಪರ್ಕಗಳು. ಇದಕ್ಕೆ ರಾಜ್ಯಶಾಸ್ತ್ರಜ್ಞ ಅಶುತೋಷ್ ವಾರ್ಷ್ಣೇಯ ಅವರ ಅಧ್ಯಯನ ಅತ್ಯಂತ ಉಪಯುಕ್ತ. ಭಾರತದ ಆರು ನಗರಗಳನ್ನು ಜೋಡಿಗಳಾಗಿ ಹೋಲಿಸಿದ ಅವರು, ನಮ್ಮದೇ ಕರಾವಳಿಯ, ಕೇರಳದ ಕೋಯಿಕ್ಕೋಡನ್ನು (ಕಲ್ಲಿಕೋಟೆ) ಉತ್ತರ ಪ್ರದೇಶದ ಅಲಿಗಢದ ಜೊತೆ ಇಟ್ಟು ನೋಡಿದರು. ಹಿಂದೂ ಮತ್ತು ಮುಸ್ಲಿಂ ಮನೆಗಳ ಮಕ್ಕಳು ಒಟ್ಟಿಗೆ ಆಡುತ್ತಾರೆ ಎಂದು ಕೋಯಿಕ್ಕೋಡಿನಲ್ಲಿ ಸುಮಾರು ಶೇ. 90 ಕುಟುಂಬಗಳು ಹೇಳಿದರೆ ಅಲಿಗಢದಲ್ಲಿ ಹಾಗೆ ಹೇಳಿದವು ಶೇ. 42 ಮಾತ್ರ. ಆದರೂ ಅವರ ತೀರ್ಮಾನದಂತೆ ನಗರಗಳಲ್ಲಿ ನೆರೆಹೊರೆಯ ಒಡನಾಟಕ್ಕಿಂತ ಹೆಚ್ಚು ಗಟ್ಟಿಯಾದ ತಡೆಗೋಡೆ ಎಂದರೆ ಎರಡೂ ಸಮುದಾಯದವರಿರುವ ವ್ಯಾಪಾರಿ ಸಂಘ, ಕಾರ್ಮಿಕ ಸಂಘ, ವಾಚನಾಲಯ ಮುಂತಾದ ಸಂಘಟನೆಗಳು. ನಮ್ಮ ಮೀನುಗಾರಿಕಾ ಧಕ್ಕೆಯಲ್ಲಿ, ಸೆಂಟ್ರಲ್ ಮಾರ್ಕೆಟ್ಟಿನಲ್ಲಿ, ಬಸ್ ಮಾಲಕರ ಸಂಘಗಳಲ್ಲಿ ಇಂತಹ ಮಿಶ್ರ ಸದಸ್ಯತ್ವ ಎಷ್ಟಿದೆ, ಹೆಚ್ಚುತ್ತಿದೆಯೇ ಕುಗ್ಗುತ್ತಿದೆಯೇ ಎಂಬುದನ್ನು ನೀವು ಕೇಳಿ ತಿಳಿಯಬಹುದು.

ಹಂಪನಕಟ್ಟೆ ವರದಿಗಾರ

ಮೇಲಿನ ವಿವರಣೆ ಚೆನ್ನಾಗಿದೆ. ಆದರೆ ಬಹಳ ವರ್ಷ ಇಲ್ಲಿ ವರದಿಗಾರಿಕೆ ಮಾಡಿದವನಾಗಿ ಒಂದು ಆಕ್ಷೇಪವನ್ನು ದಾಖಲಿಸಬೇಕಾಗಿದೆ. ಸುತ್ತು, ವಿಳಂಬ, ಸಂಚಯ ಎಂಬ ಭಾಷೆಯಲ್ಲಿ ಎಲ್ಲವೂ ತಾನಾಗಿಯೇ ಆಗುತ್ತಿರುವಂತೆ ಕೇಳಿಸುತ್ತದೆ. ಕಲ್ಲು ಎಸೆದವನಿಗೆ ಹೆಸರಿದೆ, ಎಸೆಯಲು ಹೇಳಿದವನಿಗೂ ಹೆಸರಿದೆ. ತಪ್ಪನ್ನು ವ್ಯವಸ್ಥೆಯ ಮೇಲೆ ಹಾಕಿದ ಕೂಡಲೇ ವ್ಯಕ್ತಿಗಳು ಜಾರಿಕೊಳ್ಳುತ್ತಾರೆ, ನ್ಯಾಯಾಲಯದಲ್ಲಿ ಸಾಕ್ಷಿ ಹೇಳಬೇಕಾದವರೂ ಜಾರಿಕೊಳ್ಳುತ್ತಾರೆ.

ಮೀರತ್ ಮತ್ತು ಅಲಿಗಢಗಳನ್ನು ದಶಕಗಳ ಕಾಲ ಅಭ್ಯಾಸ ಮಾಡಿದ ಅಮೆರಿಕದ ರಾಜ್ಯಶಾಸ್ತ್ರಜ್ಞ ಪಾಲ್ ಬ್ರಾಸ್, ಗಲಭೆಗಳು ಸ್ಫೋಟಗೊಳ್ಳುವುದಿಲ್ಲ, ಅವನ್ನು ತಯಾರಿಸಲಾಗುತ್ತದೆ ಎಂದು ವಾದಿಸಿದರು. ಅವರೂ ವ್ಯವಸ್ಥೆ ಎಂಬ ಮಾತನ್ನೇ ಬಳಸಿದರು, ಆದರೆ ಅವರ ವ್ಯವಸ್ಥೆಯಲ್ಲಿ ಪಾತ್ರಧಾರಿಗಳಿದ್ದಾರೆ. ಸಣ್ಣ ಕಿಡಿಗಳನ್ನು ಆರದಂತೆ ನೋಡಿಕೊಳ್ಳುವವರಿದ್ದಾರೆ, ಸಮಯ ಬಂದಾಗ ಇಬ್ಬರ ಜಗಳವನ್ನು ಎರಡು ಸಮುದಾಯಗಳ ಜಗಳವನ್ನಾಗಿ ಪರಿವರ್ತಿಸುವ ನಿಪುಣರಿದ್ದಾರೆ. ಇನ್ನೊಬ್ಬ ರಾಜ್ಯಶಾಸ್ತ್ರಜ್ಞ ಸ್ಟೀವನ್ ವಿಲ್ಕಿನ್ಸನ್ ಇನ್ನೊಂದು ಅಂಶವನ್ನು ಸೇರಿಸಿದರು: ರಾಜ್ಯ ಸರ್ಕಾರಕ್ಕೆ ಚುನಾವಣೆಯ ಲೆಕ್ಕಾಚಾರದಲ್ಲಿ ಅಲ್ಪಸಂಖ್ಯಾತರ ಮತ ಬೇಕಾಗಿರುವಾಗ ಪೊಲೀಸರು ಗಲಭೆಯನ್ನು ಬೇಗ ತಡೆಯುತ್ತಾರೆ. 2025ರಲ್ಲಿ ದಕ್ಷಿಣ ಕನ್ನಡ, ಉಡುಪಿ ಮತ್ತು ಶಿವಮೊಗ್ಗ ಜಿಲ್ಲೆಗಳಿಗೆಂದು ಕೋಮು ಹಿಂಸೆ ತಡೆಯುವ ವಿಶೇಷ ಕಾರ್ಯಪಡೆ ರಚನೆಯಾಯಿತಲ್ಲ, ಅದರಿಂದ ಘಟನೆಗಳು ಇಳಿದರೆ ನಿಮ್ಮ ಅಳತೆ ಅದನ್ನು ಯಾವ ಲೆಕ್ಕಕ್ಕೆ ಹಾಕುತ್ತದೆ? ಪೊಲೀಸ್ ಭಯದಿಂದ ಬಂದ ಮೌನವೂ ಶಾಂತಿಯೇ?

ಕೋಯಿಕ್ಕೋಡಿನ ಉದಾಹರಣೆಯ ಬಗ್ಗೆಯೂ ಒಂದು ಮಾತು. ವಾರ್ಷ್ಣೇಯ ಅವರ ಅಧ್ಯಯನ ಪ್ರಕಟವಾದದ್ದು 2002ರಲ್ಲಿ. ಅದೇ ವರ್ಷದ ಜನವರಿಯಲ್ಲಿ ಕೋಯಿಕ್ಕೋಡಿನ ಅಂಚಿನ ಮಾರಾಡ್ ಕಡಲತೀರದಲ್ಲಿ ಐವರು ಸತ್ತರು, 2003ರ ಮೇ 2ರಂದು ಅಲ್ಲೇ ಒಂಬತ್ತು ಮಂದಿ ಸತ್ತರು. ಮಕ್ಕಳು ಒಟ್ಟಿಗೆ ಆಡುವ ನಗರದ ಪಕ್ಕದಲ್ಲೇ ಹೀಗಾಯಿತು ಎಂಬುದನ್ನು ಮಾದರಿ ಕಟ್ಟುವವರು ನೆನಪಿನಲ್ಲಿಡಬೇಕು.

ಉಳ್ಳಾಲದ ಬೀಡಿ ಸಂಘಟಕಿ

ನಾನು ಬೀಡಿ ಕಟ್ಟುವ ಹೆಂಗಸರ ಸಂಘಟನೆಯಲ್ಲಿ ಬಹುಕಾಲದಿಂದ ಇದ್ದೇನೆ. ಗಣಿತ ನನಗೆ ಬಾರದು. ವಿದ್ಯಾರ್ಥಿನಿ ಮಗಳು ಸಂಪರ್ಕಗಳನ್ನು ಎಲ್ಲಿ ಹುಡುಕಬೇಕು ಎಂಬುದಕ್ಕೆ ಮಾತ್ರ ಉತ್ತರಿಸುತ್ತೇನೆ, ಏಕೆಂದರೆ ಮೇಲೆ ಹೆಸರಿಸಿದ ಸಂಘಗಳೆಲ್ಲ ಗಂಡಸರವೇ.

ಬೀಡಿಯ ಎಲೆ ಮತ್ತು ಹುಡಿಯನ್ನು ತರಲು, ಕಟ್ಟಿದ ಬೀಡಿಯನ್ನು ಕೊಡಲು ಹೆಂಗಸರು ಬೀಡಿ ಕಂಪನಿಯ ಬ್ರಾಂಚಿಗೆ ಹೋಗುತ್ತಾರೆ. ಬ್ಯಾರಿ ಹೆಂಗಸರು, ಬಿಲ್ಲವ ಹೆಂಗಸರು, ಕ್ರೈಸ್ತ ಹೆಂಗಸರು ಅಲ್ಲಿ ಸರದಿಗಾಗಿ ಕಾಯುತ್ತ ಕುಳಿತಾಗ ಮಗಳ ಮದುವೆ, ಗಂಡನ ಕುಡಿತ, ಆಸ್ಪತ್ರೆಯ ಖರ್ಚು ಎಲ್ಲವನ್ನೂ ಮಾತಾಡುತ್ತಾರೆ. ಬೀಡಿ ತಿರಸ್ಕಾರವಾದರೆ ಎಲ್ಲರೂ ಸೇರಿ ಬ್ರಾಂಚಿನವನನ್ನು ಪ್ರಶ್ನಿಸುತ್ತಾರೆ. ಗಲಾಟೆಯ ದಿನಗಳಲ್ಲಿ ನಮ್ಮ ಬೀದಿಯಲ್ಲಿ ಏನಾಗುತ್ತಿದೆ ಎಂದು ಆಚೆ ಬೀದಿಯವರು ತಿಳಿಯುತ್ತಿದ್ದದ್ದು ಈ ಹೆಂಗಸರ ಮೂಲಕವೇ. ಈಗ ಬೀಡಿ ಕೆಲಸ ಕಡಿಮೆಯಾಗಿದೆ, ಬ್ರಾಂಚುಗಳು ಮುಚ್ಚುತ್ತಿವೆ, ಹೊಸ ತಲೆಮಾರಿನ ಹುಡುಗಿಯರು ಆ ಕೆಲಸ ಬಿಟ್ಟದ್ದು ಒಳ್ಳೆಯದೇ ಆಯಿತು. ಆದರೆ ಆ ಕಾಯುವ ಜಗಲಿಯ ಬದಲಿಗೆ ಇನ್ನೊಂದು ಜಗಲಿ ಹುಟ್ಟಿಕೊಂಡಿಲ್ಲ. ಯಾರೂ ದ್ವೇಷದಿಂದ ಅದನ್ನು ಮುಚ್ಚಲಿಲ್ಲ. ವ್ಯವಸ್ಥೆ ಎಂದು ನೀವು ಹೇಳುವುದು ಇದನ್ನೇ ಆಗಿದ್ದರೆ ಅದು ನನಗೆ ಅರ್ಥವಾಗುತ್ತದೆ.

ಸೂಚಕಗಳನ್ನು ಊರಿನವರಿಂದಲೇ ಕೇಳಿ ಪಡೆಯುವ ಒಂದು ವಿಧಾನವನ್ನು ಪಮೀನಾ ಫಿರ್ಚೋ ಮತ್ತು ರೋಜರ್ ಮ್ಯಾಕ್‌ಗಿಂಟಿ ಎಂಬ ವಿದ್ವಾಂಸರು ಆಫ್ರಿಕದ ಹಳ್ಳಿಗಳಲ್ಲಿ ಆರಂಭಿಸಿದರು ಎಂದು ಒಂದು ತರಬೇತಿಯಲ್ಲಿ ಕೇಳಿದ್ದೆ. ನಿಮ್ಮ ಊರು ಶಾಂತವಾಗಿದೆ ಎಂದು ನಿಮಗೆ ಯಾವುದರಿಂದ ತಿಳಿಯುತ್ತದೆ ಎಂದು ಕೇಳಿದಾಗ, ರಾತ್ರಿ ನಾಯಿ ಬೊಗಳುವ ಸಂಗತಿಯೂ ಅವರ ಪಟ್ಟಿಗೆ ಬಂತಂತೆ. ಆ ಪ್ರಶ್ನೆಯನ್ನು ನಮ್ಮ ಹೆಂಗಸರಲ್ಲಿ ಕೇಳಿದರೆ ಬರುವ ಉತ್ತರಗಳು ನನಗೆ ಬಹುಮಟ್ಟಿಗೆ ಗೊತ್ತಿವೆ. ಬುಟ್ಟಿ ಹೊತ್ತ ಮೀನಿನ ಹೆಂಗಸು ಎಲ್ಲ ಓಣಿಗಳಿಗೂ ಬರುತ್ತಾಳೆಯೇ, ಕೆಲವು ಓಣಿಗಳನ್ನು ಬಿಟ್ಟು ಹೋಗುತ್ತಾಳೆಯೇ? ಕತ್ತಲಾದ ಮೇಲೆ ರಿಕ್ಷಾದವನು ನೇತ್ರಾವತಿ ಸೇತುವೆ ದಾಟಿ ನಮ್ಮ ಕಡೆಗೆ ಬಾಡಿಗೆಗೆ ಬರಲು ಒಪ್ಪುತ್ತಾನೆಯೇ? ಬಾಡಿಗೆ ಮನೆ ಕೇಳಲು ಹೋದಾಗ ಮೊದಲು ಹೆಸರು ಕೇಳುತ್ತಾರೆಯೇ, ಮುಂಗಡ ಎಷ್ಟು ಎಂದು ಹೇಳುತ್ತಾರೆಯೇ? ಮದುವೆಯ ಕಾಗದ ಈಗಲೂ ಆಚೆ ಮನೆಗೆ ಹೋಗುತ್ತದೆಯೇ, ಹೋದರೆ ಅವರು ಊಟಕ್ಕೆ ಕುಳಿತುಕೊಳ್ಳುತ್ತಾರೆಯೇ? ಪಿಗ್ಮಿ ಕಲೆಕ್ಟರ್ ಯಾವ ಯಾವ ಅಂಗಡಿಗಳಿಗೆ ಹೋಗುತ್ತಾನೆ? ಪಿಗ್ಮಿ ಎಂಬುದು 1928ರಲ್ಲಿ ನಮ್ಮ ಉಡುಪಿಯಲ್ಲೇ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆಯಲ್ಲಿ, ಹುಟ್ಟಿದ ಪದ್ಧತಿ. ದಿನವೂ ಬಾಗಿಲಿಗೆ ಬಂದು ಚಿಲ್ಲರೆ ಹಣ ತೆಗೆದುಕೊಂಡು ಹೋಗುವವನ ಮೇಲಿನ ವಿಶ್ವಾಸವೇ ಅದರ ಬಂಡವಾಳ. ಅವನು ನಡೆಯುವ ದಾರಿಯನ್ನು ಒಂದು ಕಾಗದದಲ್ಲಿ ಬರೆದರೆ ಊರಿನ ನಂಬಿಕೆಯ ನಕ್ಷೆಯೇ ಸಿಗಬಹುದು ಎಂದು ನನಗೆ ಅನಿಸುತ್ತದೆ.

ವರದಿಗಾರ ಅಣ್ಣನವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ, ಮಾಡಿಸುವವರು ಇದ್ದೇ ಇದ್ದಾರೆ. ಆದರೆ ಅವರು ಹೇಳಿದಾಗ ನಮ್ಮ ಮಕ್ಕಳು ಯಾಕೆ ಹೊರಡುತ್ತಾರೆ ಎಂಬುದನ್ನೂ ಯಾರಾದರೂ ಅಳೆಯಬೇಕಲ್ಲವೇ?

ಕುಡ್ಲದ ವಿದ್ಯಾರ್ಥಿನಿ

ಮೂವರಿಗೂ ಕೃತಜ್ಞತೆಗಳು. ಅಕ್ಕನವರ ಪ್ರಶ್ನೆಗಳನ್ನು ಹಾಗೆಯೇ ಪ್ರಶ್ನಾವಳಿಗೆ ತೆಗೆದುಕೊಳ್ಳಲು ಅನುಮತಿ ಕೇಳುತ್ತಿದ್ದೇನೆ. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿಯ 16ನೆಯ ಗುರಿಯಲ್ಲೂ, ಕತ್ತಲಾದ ಮೇಲೆ ತಮ್ಮ ಪ್ರದೇಶದಲ್ಲಿ ಒಂಟಿಯಾಗಿ ನಡೆಯುವುದು ಸುರಕ್ಷಿತ ಎಂದು ಭಾವಿಸುವವರ ಪ್ರಮಾಣ ಎಂಬ ಸೂಚಕವಿದೆ. ಅದರ ಪಕ್ಕದಲ್ಲಿ ರಿಕ್ಷಾ ಪ್ರಶ್ನೆಯನ್ನು ಇಡಬಹುದು ಎನಿಸಿತು.

ನನಗೆ ಉಳಿದಿರುವ ಸಂಶಯ ಚೇತರಿಕೆಯ ಕಾಲದ್ದು. ಧಕ್ಕೆಯ ಮೀನಿನ ಏಲಂ, ಶಾಲೆಯ ಹಾಜರಾತಿ, ಬಸ್ ಟ್ರಿಪ್ ಈ ಮೂರನ್ನು ಬಳಸಿದರೆ ಸಾಕೇ? ಮತ್ತು ವರದಿಗಾರರು ಕೇಳಿದ ಮಾರಾಡ್ ಪ್ರಶ್ನೆಗೆ ವ್ಯವಸ್ಥಾ ಚಿಂತನೆಯ ಉತ್ತರವೇನು?

ಸುರತ್ಕಲ್ ಗಣಕ

ಮಾರಾಡ್ ಬಗ್ಗೆ ಮೊದಲು. ವರದಿಗಾರರು ಅದನ್ನು ನೆನಪಿಸಿದ್ದು ಸರಿಯಾಗಿದೆ, ಆದರೆ ಅದು ಚೇತರಿಕೆಯ ಕಾಲ ಎಂಬ ಅಳತೆಯನ್ನು ದುರ್ಬಲಗೊಳಿಸುವುದಕ್ಕಿಂತ ಹೆಚ್ಚಾಗಿ ಬಲಪಡಿಸುತ್ತದೆ. ಅಲ್ಲಿ ಗಮನಿಸಬೇಕಾದ ಎರಡು ಸಂಗತಿಗಳಿವೆ. 2003ರಲ್ಲಿ ಹಿಂಸೆ ದೊಡ್ಡ ಗಲಭೆಯಾಗಿ ಕೋಯಿಕ್ಕೋಡ್ ನಗರವನ್ನು ಆವರಿಸಲಿಲ್ಲ. ಆದರೆ ಮಾರಾಡಿನ ಒಳಗೆ ಮನೆ ಬಿಟ್ಟು ಹೋದ ಮುಸ್ಲಿಂ ಕುಟುಂಬಗಳು ಊರಿಗೆ ಮರಳಲು ತಿಂಗಳುಗಳೇ ಬೇಕಾದವು. ಸತ್ತವರ ಸಂಖ್ಯೆಯಿಂದ ಈ ಎರಡೂ ಸಂಗತಿಗಳು ತಿಳಿಯುವುದಿಲ್ಲ. 2002ರ ಜನವರಿಯ ನಂತರ ಆ ಕಡಲತೀರ ಎಷ್ಟು ಮಟ್ಟಿಗೆ ಮಾಮೂಲಿಗೆ ಮರಳಿತ್ತು ಎಂದು ಯಾರಾದರೂ ಆಗಲೇ ಅಳೆದಿದ್ದರೆ, ಮರುವರ್ಷದ ಬಗ್ಗೆ ಎಚ್ಚರಿಕೆ ಸಿಗುತ್ತಿತ್ತೇನೋ. ಒಂದು ನಗರಕ್ಕೆ ಒಂದೇ ಅಂಕ ಕೊಟ್ಟರೆ ಅದರ ಅಂಚಿನ ಒಂದು ಹಳ್ಳಿ ಮರೆಯಾಗುತ್ತದೆ ಎಂಬ ಪಾಠವೂ ಇದರಲ್ಲಿದೆ, ಇಡೀ ದೇಶಕ್ಕೆ ಒಂದೇ ಅಂಕ ಕೊಡುವ ಸೂಚ್ಯಂಕದ ಬಗ್ಗೆ ನೀವು ಹೇಳಿದ್ದು ಇದೇ ತೊಂದರೆ. ವಾರ್ಷ್ಣೇಯ ಅವರೇ ಸೂರತ್ತಿನಲ್ಲಿ ಇದನ್ನು ಗುರುತಿಸಿದ್ದರು. 1992ರ ಡಿಸೆಂಬರ್‌ನಲ್ಲಿ ಅಲ್ಲಿಯ ವ್ಯಾಪಾರಿ ಸಂಘಗಳು ಗಟ್ಟಿಯಾಗಿದ್ದ ಹಳೆಯ ನಗರ ಬಹುಮಟ್ಟಿಗೆ ಶಾಂತವಾಗಿತ್ತು, ಹೊಸದಾಗಿ ಬಂದ ವಲಸಿಗರ ಕೊಳೆಗೇರಿಗಳು ಹೊತ್ತಿ ಉರಿದವು.

ಪೊಲೀಸ್ ಭಯದಿಂದ ಬಂದ ಮೌನದ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಕಾರ್ಯಪಡೆಯಿಂದ ಘಟನೆ ಇಳಿದರೂ ರಿಕ್ಷಾದವನು ಸೇತುವೆ ದಾಟದಿದ್ದರೆ ಎರಡೂ ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆಯಿರಿ. ಅವನ್ನು ಕೂಡಿಸಿ ಸರಾಸರಿ ತೆಗೆಯಬೇಡಿ. ಬ್ರಾಸ್ ಅವರ ಪಾತ್ರಧಾರಿಗಳನ್ನೂ ಮಾದರಿಯಿಂದ ಹೊರಗಿಡುವ ಅಗತ್ಯವಿಲ್ಲ. ಕಿಡಿ ಹಚ್ಚುವವನು ಬಲಪಡಿಸುವ ಸುತ್ತಿನಲ್ಲಿ ಒಂದು ಸ್ಥಾನದಲ್ಲಿ ನಿಂತಿದ್ದಾನೆ. ಅವನ ಮೇಲಿನ ಮೊಕದ್ದಮೆ ಎಷ್ಟು ವರ್ಷ ಎಳೆಯುತ್ತದೆ ಎಂಬುದು ಆ ಸುತ್ತಿನ ವಿಳಂಬಗಳಲ್ಲಿ ಒಂದು, ಬಹುಶಃ ಎಲ್ಲಕ್ಕಿಂತ ದೊಡ್ಡದು.

ಇನ್ನು ಸೂಚಕಗಳು. ಧಕ್ಕೆಯ ಏಲಂ ಬಳಸುವುದಾದರೆ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರಿಕ ಮೀನುಗಾರಿಕೆಯ ನಿಷೇಧವನ್ನು ಬಿಟ್ಟು ಲೆಕ್ಕ ಹಾಕಬೇಕು, ಹಾಗಾಗಿ 2022ರ ಜುಲೈ ಬಗ್ಗೆ ಧಕ್ಕೆಯ ಅಂಕಿಗಳಿಂದ ಏನೂ ತಿಳಿಯದು. ಶಾಲೆಯ ಹಾಜರಾತಿಗೂ ಅದೇ ತಿಂಗಳುಗಳಲ್ಲಿ ಮಳೆಯ ತೊಡಕು ಇದೆ, ಜಿಲ್ಲಾಧಿಕಾರಿಗಳು ಮಳೆಗಾಗಿ ಘೋಷಿಸಿದ ರಜೆಗಳನ್ನು ತೆಗೆದುಹಾಕಬೇಕಾಗುತ್ತದೆ. ಬಸ್ ಟ್ರಿಪ್ ಇವುಗಳಲ್ಲಿ ಹೆಚ್ಚು ನಂಬಲರ್ಹ, ಏಕೆಂದರೆ ಖಾಸಗಿ ಬಸ್ಸಿನವರು ಟ್ರಿಪ್ ಕಟ್ ಮಾಡುವುದು ಕಲೆಕ್ಷನ್ ಬೀಳುತ್ತದೆ ಎಂದು ಖಾತ್ರಿಯಾದಾಗ ಮಾತ್ರ. ಸುತ್ತುಗಳ ಚಿತ್ರ ಬರೆಯಲು ವೆನ್‌ಸಿಮ್ ತಂತ್ರಾಂಶದ ಕಲಿಕೆಯ ಆವೃತ್ತಿ ಉಚಿತವಾಗಿ ಸಿಗುತ್ತದೆ. ಆದರೆ ಮೊದಲ ಚಿತ್ರವನ್ನು ಬೀಡಿ ಹೆಂಗಸರ ಜೊತೆ ಕುಳಿತು ಪೆನ್ಸಿಲ್‌ನಲ್ಲಿ ಬರೆಯುವುದೇ ಒಳ್ಳೆಯದು.

ನಿವೃತ್ತ ಅಂಕಿಅಂಶ, ಉಡುಪಿ

ಚರ್ಚೆಯನ್ನು ಆಸಕ್ತಿಯಿಂದ ಓದಿದೆ. ಪೊಲೀಸ್ ಅಂಕಿಗಳನ್ನು ಪೂರ್ತಿ ಕೈಬಿಡಬೇಕಾಗಿಲ್ಲ, ಅವು ಹೇಗೆ ತಯಾರಾಗುತ್ತವೆ ಎಂಬುದನ್ನು ತಿಳಿದು ಬಳಸಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಅನುಸರಿಸುವ ಪ್ರಧಾನ ಅಪರಾಧ ನಿಯಮದಂತೆ, ಒಂದೇ ಪ್ರಕರಣದಲ್ಲಿ ಹಲವು ಅಪರಾಧಗಳಿದ್ದರೆ ಅತಿ ಹೆಚ್ಚು ಶಿಕ್ಷೆಯಿರುವ ಒಂದನ್ನು ಮಾತ್ರ ಎಣಿಸಲಾಗುತ್ತದೆ. ಗಲಭೆಯಲ್ಲಿ ಕೊಲೆಯಾದರೆ ಆ ಪ್ರಕರಣ ಕೊಲೆಯ ಕಾಲಂಗೆ ಹೋಗುತ್ತದೆ, ಗಲಭೆಯ ಕಾಲಂನಲ್ಲಿ ಕಾಣುವುದಿಲ್ಲ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು ಕಲಂಗಳ ಸಂಖ್ಯೆಗಳೇ ಬದಲಾಗಿರುವುದರಿಂದ, ಸಮುದಾಯಗಳ ನಡುವೆ ದ್ವೇಷ ಹರಡುವ ಅಪರಾಧಕ್ಕಿದ್ದ ದಂಡ ಸಂಹಿತೆಯ ಹಳೆಯ 153ಎ ಮತ್ತು ಹೊಸ 196ನ್ನು ಜೋಡಿಸಿಕೊಳ್ಳದೆ ವರ್ಷವಾರು ಹೋಲಿಕೆ ಮಾಡಬಾರದು. ದೂರುಗಳು ಹೆಚ್ಚಾದದ್ದು ಠಾಣೆಯ ಮೇಲಿನ ವಿಶ್ವಾಸ ಹೆಚ್ಚಿದ್ದರಿಂದಲೂ ಇರಬಹುದು, ಅದನ್ನು ಅಂಕಿಯೇ ಹೇಳುವುದಿಲ್ಲ.

ಪತ್ರಿಕೆಗಳ ವಿಷಯದಲ್ಲೂ ಎಚ್ಚರ ಬೇಕು. ವಾರ್ಷ್ಣೇಯ ಮತ್ತು ವಿಲ್ಕಿನ್ಸನ್ ಸೇರಿ ಕಟ್ಟಿದ 1950ರಿಂದ 1995ರವರೆಗಿನ ಪಟ್ಟಿ ಮುಂಬೈಯ ಒಂದು ಆಂಗ್ಲ ಪತ್ರಿಕೆಯನ್ನು ಆಧರಿಸಿದ್ದು. ಅದರ ಪ್ರಕಾರ ಹಳ್ಳಿಗಳಲ್ಲಿ ಸತ್ತವರು ಒಟ್ಟು ಸಾವಿನ ಶೇ. 4ಕ್ಕಿಂತ ಕಡಿಮೆ. ಮುಂಬೈಯಲ್ಲಿ ಕುಳಿತ ಪತ್ರಿಕೆಗೆ ಬೆಳ್ತಂಗಡಿಯ ಒಂದು ಹೊಡೆದಾಟ ಸುದ್ದಿಯಾಗುವುದು ಅಪರೂಪ. ನಿಮ್ಮ ಕೆಲಸಕ್ಕೆ ಮಣಿಪಾಲದಿಂದ 1970ರಲ್ಲಿ ಆರಂಭವಾದ ಉದಯವಾಣಿಯಂತಹ ಸ್ಥಳೀಯ ದೈನಿಕದ ಸಂಚಿಕೆಗಳೇ ಬೇಕು. ಘಟನೆಯ ವರದಿಗಿಂತ ಹೆಚ್ಚಾಗಿ ಅದರ ಮರುದಿನಗಳ ಒಳಪುಟಗಳನ್ನು ನೋಡಿ. ಮುಂದೂಡಿದ ಯಕ್ಷಗಾನ, ರದ್ದಾದ ಸಂತೆ, ಮತ್ತೆ ತೆರೆದ ಅಂಗಡಿ ಇವೆಲ್ಲ ಅಲ್ಲಿ ಸಿಗುತ್ತವೆ, ಚೇತರಿಕೆಯ ಕಾಲವನ್ನು ಹಳೆಯ ಘಟನೆಗಳಿಗೂ ಲೆಕ್ಕ ಹಾಕಲು ಅವೇ ಆಧಾರ.

ಕೊನೆಯದಾಗಿ, ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಹೇಳಿದ ಮಾತು ಇಲ್ಲಿಗೂ ಅನ್ವಯಿಸುತ್ತದೆ: ಅಳತೆಯನ್ನೇ ಗುರಿಯಾಗಿಸಿದರೆ ಅದು ಅಳತೆಯಾಗಿ ಉಳಿಯುವುದಿಲ್ಲ. ಶಾಂತಿಯ ಅಂಕದ ಮೇಲೆ ಠಾಣೆಗಳಿಗೆ ಶ್ರೇಣಿ ಕೊಡಲು ಹೊರಟರೆ ದೂರು ಬರೆದುಕೊಳ್ಳುವುದೇ ನಿಂತುಹೋಗಬಹುದು. ಹಾಗಾಗಿ ನಿಮ್ಮ ಪ್ರಬಂಧದಲ್ಲಿ ಊರುಗಳನ್ನು ಶ್ರೇಣಿಗೆ ಹಚ್ಚಬೇಡಿ, ತಾಲೂಕಿಗಿಂತ ಕೆಳಗಿನ ಹೆಸರುಗಳನ್ನು ಅಚ್ಚು ಮಾಡಬೇಡಿ. ಬಾಡಿಗೆ ಮನೆಯ ಪ್ರಶ್ನೆಗೆ ಬಂದ ಉತ್ತರವು ಬಡಾವಣೆಯ ಹೆಸರಿನೊಂದಿಗೆ ಹೊರಬಿದ್ದರೆ ಮರುದಿನದಿಂದ ಅದೇ ಒಂದು ವದಂತಿಯಾಗಿ ತಿರುಗುತ್ತದೆ. ಪ್ರಶ್ನಾವಳಿಯನ್ನು ಕನ್ನಡದಲ್ಲಿ ಬರೆದರೂ ಕೇಳುವಾಗ ತುಳುವಿನಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ ಕೇಳಬಲ್ಲ ಸಂಗಾತಿಗಳನ್ನು ಹುಡುಕಿಕೊಳ್ಳಿ. ಕರಡು ಸಿದ್ಧವಾದಾಗ ಇಲ್ಲಿ ಹಾಕಿದರೆ ಪ್ರಶ್ನೆ ಕೇಳಬೇಕಾದವರ ಆಯ್ಕೆಯ (ಸ್ಯಾಂಪಲ್) ಬಗ್ಗೆ ನಾನು ನೋಡಿ ತಿಳಿಸುತ್ತೇನೆ.